ಮುದ್ದೆ ಅಗಿಯುತ್ತಿದ್ದ ತಮ್ಮ

ನನ್ನ ತಮ್ಮ ಎರಡು ವರ್ಷ ನನ್ನ ಕಣ್ಣೆದುರೇ ಮುದ್ದೆಯನ್ನು ಅಗಿದು ಅಗಿದು ತಿಂದ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಲಿಲ್ಲ ಎಂದರೂ ಸುಳ್ಳಾಗುತ್ತದೆ. ಕೇಳಿದೆ, ನಾಲ್ಕು ಜನರ ಮುಂದೆ ನಗುವುದಕ್ಕಾಗಿ ಕೇಳಿದೆ. ಡಾಕ್ಟರ ಹತ್ತಿರ ಹೋಗೋಣ ಎಂದು ಅವನೇ ಬಾಯಿಬಿಟ್ಟು ಹೇಳಿದಾಗ ಕರೆದುಕೊಂಡು ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಎಂದು ತಪ್ಪು ತಿಳಿಯುವುದು ಬೇಡ.

ನಾನು ಓದಿದ್ದು ಏಳನೇ ಕ್ಲಾಸು. ಹಲಗೂರಿನ ಬಸ್ ಸ್ಟಾಂಡ್ ಹತ್ತಿರ ನನ್ನದೊಂದು ಮುದ್ದೆ ಊಟದ ಹೋಟೆಲು ಇದೆ. ನನ್ನ ಗಂಡ ತೀರಿಕೊಂಡ ವರ್ಷ ತಮ್ಮ, "ಒಂದ್ ತಿಂಗ್ಳು ಇದ್ದು ಓಯ್ತೀನಿ ಕಣಕ್ಕ" ಎಂದು ಬಂದವನು, ಹದಿನಾಲ್ಕು ವರ್ಷವಾದರೂ ಹೋಗಿಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಸಾರು ಕಾಯಿಸುವುದು, ಬಡಿಸುವುದು, ಎಲೆ ಎತ್ತುವುದು ಅವನ ಕೆಲಸ. ಕೋಲು ಹಿಡಿದು ಹಿಟ್ಟು ತಿರುವಿ ಮುದ್ದೆ ತೊಳಸುವುದು ನನ್ನದು. ನನ್ನ ಮುದ್ದೆಯಲ್ಲಿ ಗಂಟು ಹುಡುಕಿದವರು ಇನ್ನೂ ಹುಟ್ಟಿಲ್ಲ ಎಂಬ ಜಂಬವೂ ನನ್ನದೇ.

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಮುರಿಯುತ್ತೇವೆ, ಸಾರಿನಲ್ಲಿ ಹೊರಳಿಸುತ್ತೇವೆ, ನುಂಗುತ್ತೇವೆ. ಅಗಿಯುವವನು ಒಂದೋ ಹಾಲುಹಲ್ಲಿನ ಮಗು, ಇಲ್ಲ ಪೇಟೆಯವನು. ನುಂಗುವುದೇ ದೊಡ್ಡ ವಿದ್ಯೆ ಎಂಬಂತೆ ಮೀಸೆ ತಿರುವುತ್ತೇವೆ. ಹಸುವಿಗೆ ಕೂಡ ಅಷ್ಟು ಬುದ್ಧಿ ಇದೆ, ನುಂಗಿದ್ದನ್ನೂ ಮತ್ತೆ ಬಾಯಿಗೆ ತಂದು ಅಗಿಯುತ್ತದೆ.

ತಮ್ಮನಿಗೆ ಎದೆ ಉರಿ ಇದ್ದದ್ದು ಇವತ್ತು ನಿನ್ನೆಯದಲ್ಲ. ಬೆಳಿಗ್ಗೆಯಿಂದ ಬರೀ ಹೊಟ್ಟೆಗೆ ಟೀ ಸುರಿದುಕೊಳ್ಳುತ್ತಿದ್ದ. ನಡುನಡುವೆ ಎಲೆ ಅಡಿಕೆ, ಹೊಗೆಸೊಪ್ಪು. ಗಿರಾಕಿಗಳು ಕಡಿಮೆಯಾದ ಮೇಲೆ ಮೂರೂವರೆ ಹೊತ್ತಿಗೆ ಎರಡು ಮುದ್ದೆ, ಕಣ್ಣಲ್ಲಿ ನೀರು ಬರುವಂಥ ಉಪ್ಸಾರಿನ ಖಾರ. ಉಂಡ ಕೈ ಒಣಗುವ ಮೊದಲೇ ಬೆಂಚಿನ ಮೇಲೆ ಅಂಗಾತ ಬೀಳುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಕೂತು ಎದೆ ಉಜ್ಜಿಕೊಳ್ಳುತ್ತಿದ್ದ. ಹುಳಿ ನೀರು ಗಂಟಲತನಕ ಬಂತು ಎಂದು ಮುಖ ಕಿವುಚುತ್ತಿದ್ದ.

ಬಸ್ ಸ್ಟಾಂಡಿನಲ್ಲಿ ಬಸ್ಸಿಗೆ ಬರ ಬರಬಹುದು, ವೈದ್ಯರಿಗೆ ಬರವಿಲ್ಲ. ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿ ಎಂದ ಒಬ್ಬ ಕಂಡಕ್ಟರ್. ಜೀರಿಗೆ ಕಷಾಯ ಎಂದಳು ಹೂವಿನವಳು. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದರೆ ಅದನ್ನು ಉರಿ ಬಂದಾಗ, ಹೊಟ್ಟೆ ತುಂಬ ಉಂಡ ಮೇಲೆ, ನೆನಪಾದರೆ ನುಂಗುತ್ತಿದ್ದ. ಎಲ್ಲರೂ ಸೇರಿ ಕಾಯಿಲೆಗೆ ಹೆಸರನ್ನೂ ಇಟ್ಟಿದ್ದರು: ಗ್ಯಾಸ್ಟ್ರಿಕ್ಕು. ನಮ್ಮಲ್ಲಿ ಎದೆ ಉರಿದರೂ ಗ್ಯಾಸ್ಟ್ರಿಕ್ಕು, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್ಕು, ಹೆಂಡತಿ ಮಾತು ಬಿಟ್ಟರೂ ಗ್ಯಾಸ್ಟ್ರಿಕ್ಕು. ಹೆಸರಿಟ್ಟ ಮೇಲೆ ಯಾರೂ ಅದರ ಗೋಜಿಗೆ ಹೋಗುವುದಿಲ್ಲ.

ಈ ವೈದ್ಯರಿಗೆಲ್ಲ ದೊಡ್ಡ ವೈದ್ಯೆ ನಾನು. ದಿನಾ ಸೋಡಾ ಕುಡಿಸಿದೆ. ಎದೆ ನೋಯುತ್ತದೆ ಎಂದಾಗ ನನ್ನ ಮಂಡಿ ನೋವಿಗೆ ಇಟ್ಟುಕೊಂಡಿದ್ದ ಮಾತ್ರೆಯಲ್ಲೇ ಒಂದು ಮುರಿದು ಕೊಟ್ಟೆ. ರಾತ್ರಿ ಹೋಟೆಲಿನಲ್ಲೇ ಇರುತ್ತಿದ್ದ; ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ರಾಗಿ ಮೂಟೆಗೆ ಒರಗಿ, ಕೂತೇ ನಿದ್ದೆ ಮಾಡುತ್ತಿರುತ್ತಿದ್ದ. ಮಲಗಿದರೆ ಹುಳಿ ಮೇಲಕ್ಕೆ ಬರುತ್ತದೆ ಎಂದು ಅವನ ಮೈಗೆ ಗೊತ್ತಿತ್ತು. ನನಗೆ ಕಂಡದ್ದು ಸೋಮಾರಿತನ.

ಆಮೇಲೆ ಒಂದು ದಿನ ಉರಿ ಕಡಿಮೆಯಾಗಿದೆ ಎಂದ. ನನ್ನ ಸೋಡಾದ ಮಹಿಮೆ ಎಂದುಕೊಂಡೆ. ಅದೇ ದಿನಗಳಲ್ಲಿ ಮುದ್ದೆ ಅಗಿಯುವುದು ಶುರುವಾಯಿತು. ಗೋಲಿಯಷ್ಟು ಮುರಿದು, ಅಗಿದು, ಹಿಂದೆಯೇ ಒಂದು ಗುಟುಕು ನೀರು. ಒಂದು ಮುದ್ದೆಗೆ ಮುಕ್ಕಾಲು ಗಂಟೆ.

"ಏನ್ಲಾ, ಮದ್ವೆ ಎಣ್ಣು ನಾಚ್ಕಂಡು ಉಂಡಂಗೆ ಉಣ್ತೀಯ?" ಎಂದೆ ನಾನು, ಗಿರಾಕಿಗಳಿಗೆ ಕೇಳುವ ಹಾಗೆ.

"ಇಳಿಯಾಕಿಲ್ಲ ಕಣಕ್ಕ. ನಿಧಾನಕ್ಕೆ ಉಣ್ತೀನಿ ಬುಡು."

"ಇಳಿಯಾಕಿಲ್ವಂತೆ! ಬೆಂಗ್ಳೂರಿಗೆ ಓಗಿ ಬಂದವ್ರೆ ಸಾಹೇಬ್ರು."

ಎಲ್ಲರೂ ನಕ್ಕರು. ನಗದವರು ಒಬ್ಬರೇ, ಪಕ್ಕದ ಗ್ಯಾರೇಜಿನ ಸಾಬರು. ಅವರು ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ಕೈ ತೊಳೆಯುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಕ್ಕಾ, ನಮ್ ಅಬ್ಬಾಗೂ ಇಂಗೇ ಆಗಿತ್ತು. ಮೊದ್ಲು ಉರಿ, ಆಮೇಲೆ ಗಂಟ್ಲಲ್ಲಿ ಇಳೀದೇ ಇರೋದು. ದೊಡ್ ಡಾಕ್ಟ್ರಿಗೆ ತೋರ್ಸಿ."

"ನೀವು ಗಾಡಿ ನೋಡ್ಕಳಿ, ನಮ್ ತಮ್ಮನ್ನ ನಾವು ನೋಡ್ಕತೀವಿ" ಎಂದೆ. ಎಂಥ ಚೆನ್ನಾಗಿ ನೋಡಿಕೊಂಡೆ!

ಆ ವಾರವೇ ತಮ್ಮ ತನ್ನ ಎದೆಯ ನಡುವಿನ ಮೂಳೆ ಮೇಲೆ ಬೆರಳಿಟ್ಟು ಕೇಳಿದ. "ಇಲ್ಲಿ ಅಡ್ಡ ಸಿಕ್ಕಾಕ್ಕಂಡಂಗೆ ಆಯ್ತದೆ. ನಾಳೆ ಮಂಡ್ಯಕ್ಕೆ ಓಗ್ಬರನಾ ಅಕ್ಕ? ಒಬ್ನೇ ಓಗಕ್ಕೆ ಯಾಕೋ ಭಯ ಆಯ್ತದೆ."

"ನಾಳೆ ಸಂತೆ ಕಣ್ಲಾ. ಬಡ್ಸೋರ್ ಯಾರು, ನಿಮ್ಮಪ್ಪ ಬತ್ತಾನಾ? ನಿಂಗೆ ರೋಗ ಅಲ್ಲ, ಸೊಕ್ಕು."

ನಲವತ್ತಾರು ವರ್ಷದ ಗಂಡಸು, ಭಯ ಆಗುತ್ತದೆ ಎಂದು ಅಕ್ಕನಿಗೆ ಹೇಳಿದ್ದ. ಅಕ್ಕ ಸಂತೆ ಇದೆ ಎಂದಳು. ಅವನು ಮತ್ತೆ ಕೇಳಲಿಲ್ಲ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡ. ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಕಾಣತೊಡಗಿತು. ಸಾಲದು ಎಂದು, ಸಣ್ಣಗಾದ ಮೇಲೆ ಚೆನ್ನಾಗಿ ಕಾಣುತ್ತೀಯ ಎಂದೂ ನಾನು ಹೇಳಿದ್ದೇನೆ.

ಹೀಗೇ ಎರಡು ವರ್ಷವಾಗುತ್ತ ಬಂದಾಗ ಚಿಕ್ಕರಸಿನಕೆರೆಯಲ್ಲಿ ನಮ್ಮ ನೆಂಟರ ಮನೆಯ ಮದುವೆ ಬಂತು. ಮದುವೆ ಮಾರನೆಯ ದಿನ ಬೀಗರ ಊಟ, ಅಂದರೆ ಬಾಡೂಟ. ಮುದ್ದೆ ನಾನೇ ತೊಳಸಬೇಕು ಎಂದು ಹೇಳಿ ಕಳಿಸಿದ್ದರು. ನಮ್ಮ ಹೋಟೆಲಿನ ದೊಡ್ಡ ಪಾತ್ರೆಗಳನ್ನು ಸಾಬರ ಲಗೇಜ್ ಆಟೋದಲ್ಲಿ ಹಾಕಿಕೊಂಡು ಮೂವರೂ ಹೋದೆವು.

ಎರಡನೇ ಪಂಕ್ತಿಯಲ್ಲಿ ತಮ್ಮ ಕೂತ. ಅಗಿಯುತ್ತಿದ್ದ. ಪಕ್ಕದ ಎಲೆಯಲ್ಲಿ ನಮ್ಮ ದಾಯಾದಿ ದೊಡ್ಡಪ್ಪ. ಮೂರು ಮುದ್ದೆ ಇಳಿಸಿ ಮೀಸೆ ಒರೆಸಿಕೊಂಡು, ಇಡೀ ಪಂಕ್ತಿಗೆ ಕೇಳುವ ಹಾಗೆ ಕೂಗಿದರು: "ಏನವ್ವಾ, ನಿನ್ ತಮ್ಮ ಮುದ್ದೇನ ಎಲೆ ಅಡ್ಕೆ ಅಗ್ದಂಗೆ ಅಗೀತಾವ್ನಲ್ಲ! ಏನು, ಮುದ್ದೇಲಿ ಗಂಟಾ?"

ಪಂಕ್ತಿ ಪಂಕ್ತಿಯೇ ನಕ್ಕಿತು. ನನಗೆ ಮೈ ಉರಿದುಹೋಯಿತು. ತಮ್ಮ ಸೊರಗಿ ಕಡ್ಡಿಯಾಗಿದ್ದು ಎರಡು ವರ್ಷದಿಂದ ಕಾಣದ ನನಗೆ, ನನ್ನ ಮುದ್ದೆಗೆ ಬಂದ ಅಪವಾದ ಒಂದೇ ಕ್ಷಣಕ್ಕೆ ಕಂಡಿತು. ಬಡಿಸುವ ತಟ್ಟೆ ಹಿಡಿದು ಅವನ ಎಲೆಯ ಮುಂದೆ ನಿಂತೆ.

"ನುಂಗ್ಲಾ. ಮಾನ ಕಳೀಬ್ಯಾಡ."

"ಆಗಾಕಿಲ್ಲ ಅಕ್ಕ."

"ನುಂಗ್ಲಾ ಅಂದ್ರೆ!"

ಅವನು ತಲೆ ಎತ್ತಿ ನನ್ನನ್ನು ನೋಡಿದ. ನಿಂಬೆಗಾತ್ರ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದ.

ಅದು ಇಳಿಯಲಿಲ್ಲ. ಎದೆ ಹಿಡಿದುಕೊಂಡು ಎದ್ದ. ಉಸಿರಾಡುತ್ತಿದ್ದ, ಆದರೆ ಕುಡಿಸಿದ ನೀರು ಹಾಗೇ ವಾಪಸ್ಸು ಬಂತು. ತನ್ನ ಉಗುಳನ್ನೇ ನುಂಗಲಾಗದೆ ಬಾಯಿಂದ ಎಳೆಎಳೆಯಾಗಿ ಸೋರಿತು. ನೆಂಟರು ತಂತಮ್ಮ ವಿದ್ಯೆಯನ್ನೆಲ್ಲ ಹೊರಗೆ ತೆಗೆದರು. ಬೆನ್ನಿಗೆ ಗುದ್ದಿದರು. ಬಾಳೆಹಣ್ಣು ತುರುಕಲು ನೋಡಿದರು. ದೊಡ್ಡಪ್ಪನಂತೂ, "ಇನ್ನೊಂದ್ ತುತ್ತು ನುಂಗ್ಸಿ, ಅದು ಇದನ್ನ ತಳ್ಕೊಂಡು ಓಯ್ತದೆ" ಎಂದರು. ಚರಂಡಿ ಕಟ್ಟಿದರೂ ಇದಕ್ಕಿಂತ ಬುದ್ಧಿ ಉಪಯೋಗಿಸುತ್ತಾರೆ.

ಸಾಬರು ಯಾರ ಮಾತನ್ನೂ ಕೇಳಲಿಲ್ಲ. "ಬಾಯಿಗೆ ಏನೂ ಆಕ್ಬೇಡಿ. ಗಾಡಿ ಹತ್ಸಿ" ಎಂದರು. ಗಾಡಿಯಲ್ಲಿ ಉಳಿದಿದ್ದ ಪಾತ್ರೆಗಳನ್ನು ರಸ್ತೆ ಬದಿಗೆ ಇಳಿಸಿ, ಅವನನ್ನು ಒರಗಿಸಿ ಕೂರಿಸಿಕೊಂಡು ಮಂಡ್ಯಕ್ಕೆ ಹೊರಟೆವು. ದಾರಿಯುದ್ದಕ್ಕೂ ತಮ್ಮ ನನ್ನ ಸೆರಗಿಗೆ ಉಗುಳಿಕೊಂಡು ಬಂದ. ಸೆರಗು ಕೊಳೆಯಾಯಿತು ಎಂದು ಅವನೇ ಕೈ ಸನ್ನೆಯಲ್ಲಿ ಕ್ಷಮೆ ಕೇಳಿದ. ನಾನು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸಿ ಸಿಕ್ಕಿಕೊಂಡದ್ದನ್ನು ತೆಗೆದರು. ಡಾಕ್ಟರಮ್ಮ ನನಗೆ ಮಗಳಾಗುವ ವಯಸ್ಸಿನವರು.

"ಎಷ್ಟು ದಿನದಿಂದ ಊಟ ಸಿಕ್ಕೋತಿತ್ತು?"

"ಎರಡು ವರ್ಷ ಆಯ್ತು ಕಣಮ್ಮ."

"ಎರಡು ವರ್ಷ ಏನ್ ಮಾಡ್ತಿದ್ರಿ?"

"ಸೋಡಾ ಕುಡುಸ್ತಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಿಗಿ ಇರುತ್ತದಂತೆ. ಅದು ಸಡಿಲವಾದರೆ ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತದೆ. ಹೊಟ್ಟೆ ಆ ಹುಳಿಯನ್ನು ತಡೆದುಕೊಳ್ಳುತ್ತದೆ, ಅನ್ನನಾಳ ತಡೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ಸುಟ್ಟು, ಮಾಗಿ, ಮತ್ತೆ ಸುಟ್ಟು, ಕೊನೆಗೆ ಆ ಜಾಗ ಬಿಗಿದುಕೊಂಡು ಸಣ್ಣಗಾಗಿದೆ. ಉರಿ ತಗ್ಗಿದ್ದೂ ಅದಕ್ಕೇ, ನನ್ನ ಸೋಡಾದಿಂದಲ್ಲ. ನಾನು ಕೊಟ್ಟ ನೋವಿನ ಮಾತ್ರೆ ಉರಿಯುವ ಒಲೆಗೆ ಸೀಮೆಎಣ್ಣೆ ಹಾಕಿದ ಹಾಗೆ.

ನಾನು ನನ್ನ ಬಲಗೈ ನೋಡಿಕೊಂಡೆ. ಹಿಂದೊಮ್ಮೆ ಮುದ್ದೆಯ ಕುದಿಯುವ ಎಸರು ಬಿದ್ದು ಸುಟ್ಟ ಕೈ. ಮಾಗಿದ ಚರ್ಮ ಬಿಗಿದು ಇವತ್ತಿಗೂ ಎರಡು ಬೆರಳು ನೆಟ್ಟಗಾಗುವುದಿಲ್ಲ. ಸುಟ್ಟದ್ದು ಹೇಗೆ ಬಿಗಿಯುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಕೈಯಲ್ಲೇ ದಿನಾ ಅವನಿಗೆ ಸೋಡಾ ಕೊಟ್ಟೆ.

"ಉರಿ ಎಲ್ಲರಿಗೂ ಯಾವಾಗಲಾದರೂ ಬರುತ್ತೆ" ಎಂದರು ಡಾಕ್ಟರಮ್ಮ. "ವಾರದಲ್ಲಿ ಎರಡು ಮೂರು ಸಲ ಬಂದ್ರೆ ತೋರಿಸಬೇಕು. ನುಂಗೋಕೆ ಕಷ್ಟ, ತೂಕ ಇಳಿಯೋದು, ವಾಂತಿಯಲ್ಲಿ ರಕ್ತ, ಕಪ್ಪಗೆ ಮಲ, ಇದರಲ್ಲಿ ಒಂದಾದರೂ ಇದ್ದರೆ ಒಂದು ದಿನವೂ ಕಾಯಬಾರದು." ಆಮೇಲೆ ದನಿ ತಗ್ಗಿಸಿ, ಆ ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ, ಕ್ಯಾನ್ಸರ್ ಅಲ್ಲ ಎಂದು ಖಚಿತವಾಗಬೇಕು ಎಂದರು.

ಎಂಟು ದಿನ ಕಾಯಬೇಕಾಯಿತು. ಹೋಟೆಲು ಮುಚ್ಚಿದ್ದೆ. ನಡುವೆ ಸಂತೆಯೂ ಬಂತು, ಹೋಯಿತು. ನಾನು ಬಡಿಸಲಿಲ್ಲ ಎಂದು ಯಾರೂ ಹಸಿದು ಸಾಯಲಿಲ್ಲ.

ಕ್ಯಾನ್ಸರ್ ಅಲ್ಲ ಎಂದು ಬಂತು. ಕಾಗದ ಓದಿ ಹೇಳಿದ ಡಾಕ್ಟರಮ್ಮನ ಮುಂದೆಯೇ ತಮ್ಮ ಕಣ್ಣು ಒರೆಸಿಕೊಂಡ. ನಾನು ಗೋಡೆ ಕಡೆ ತಿರುಗಿ ನಿಂತೆ.

ಅಲ್ಲಿಂದ ಮೂರು ಸಲ ಮಂಡ್ಯಕ್ಕೆ ಹೋಗಿ ಬಂದೆವು. ಕೊಳವೆಯ ತುದಿಯಲ್ಲಿ ಬಲೂನಿನಂಥದ್ದನ್ನು ಇಳಿಸಿ, ಉಬ್ಬಿಸಿ, ಆ ಇಕ್ಕಟ್ಟನ್ನು ಸ್ವಲ್ಪ ಸ್ವಲ್ಪವೇ ಅಗಲ ಮಾಡಿದರು. ಮಾತ್ರೆ ಬದಲಾಯಿತು. ಅದನ್ನು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮೊದಲು, ಉರಿ ಇರಲಿ ಇಲ್ಲದಿರಲಿ ದಿನಾ ನುಂಗಬೇಕು. ಊಟ ಸ್ವಲ್ಪ ಸ್ವಲ್ಪ. ಉಂಡು ಮೂರು ಗಂಟೆ ಮಲಗುವ ಹಾಗಿಲ್ಲ. ಮಂಚದ ತಲೆ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೇವೆ. ಹೊಗೆಸೊಪ್ಪು ಬಿಡುವುದಕ್ಕೆ ಮಾತ್ರ ಅವನು ನನ್ನ ಜೊತೆ ಒಂದು ತಿಂಗಳು ಜಗಳವಾಡಿದ. ಮುದ್ದೆಯನ್ನು ಮೆತ್ತಗೆ ಮಾಡಿಕೊಂಡು, ಅಗಿದು ತಿನ್ನುತ್ತಾನೆ. ಡಾಕ್ಟರ ಅಪ್ಪಣೆ.

ನಾನು ಮಾತ್ರ ಆ ಒಂದು ಮಾತು ಆಡಲಿಲ್ಲ. ನಮ್ಮ ಕಡೆ ತಪ್ಪಾಯಿತು ಎನ್ನುವುದು ದೇವರ ಮುಂದೆ ಕೆನ್ನೆ ಬಡಿದುಕೊಳ್ಳುವಾಗ ಮಾತ್ರ. ಮನುಷ್ಯರ ಮುಂದೆ, ಅದೂ ಚಿಕ್ಕವರ ಮುಂದೆ, ನಾಲಿಗೆ ಹೊರಳುವುದಿಲ್ಲ. ಮಾತಿನ ಬದಲು ಮಜ್ಜಿಗೆ ಕೊಟ್ಟೆ, ಹೊಸ ಅಂಗಿ ಕೊಟ್ಟೆ, ಸಾರಿಗೆ ಖಾರ ಕಡಿಮೆ ಹಾಕಿದೆ. ಕಳ್ಳಿ ಕದ್ದ ಮನೆಗೇ ಹೂ ಹಣ್ಣು ಕಳಿಸಿದ ಹಾಗೆ.

ಮೊನ್ನೆ ಮಧ್ಯಾಹ್ನ ಹೋಟೆಲು ತುಂಬಿತ್ತು. ತಮ್ಮ ಈಗ ಹನ್ನೆರಡೂವರೆಗೇ ಮೂಲೆಯಲ್ಲಿ ಕೂತು ಉಣ್ಣುತ್ತಾನೆ. ಮಳವಳ್ಳಿ ಕಡೆಯ ಹೊಸ ಗಿರಾಕಿಯೊಬ್ಬ ಅವನನ್ನೇ ನೋಡಿ ನಕ್ಕ. "ಏನಣ್ಣೋ, ಮುದ್ದೆ ಓಟ್ಲಲ್ಲೇ ಇದ್ಕಂಡು ಮುದ್ದೆ ಅಗೀತೀಯಲ್ಲ! ನುಂಗಕ್ಕೆ ಬರಾಕಿಲ್ವಾ?"

ತಮ್ಮ ತಲೆ ತಗ್ಗಿಸಿದ. ಕೈಯಲ್ಲಿದ್ದ ತುತ್ತನ್ನು ದೊಡ್ಡದು ಮಾಡಿಕೊಳ್ಳಲು ಹೋದ. ನಾನು ಕಂಡೆ. ಇನ್ನೂ ಅವನಿಗೆ ಆ ಪಂಕ್ತಿಯ ಭಯ ಹೋಗಿರಲಿಲ್ಲ. ಹೋಗಬೇಕಾದರೆ ಇಟ್ಟವಳೇ ತೆಗೆಯಬೇಕು.

ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಅವನ ಎಲೆಯ ಮುಂದೆ ಹೋಗಿ ನಿಂತೆ. ಸಾಬರು ತುತ್ತು ಎತ್ತಿದವರು ಹಾಗೇ ಕೂತರು.

"ಅಗೀಲಿ ಬುಡಿ, ಯಾರೂ ನಗ್ಬೇಡಿ" ಎಂದೆ. "ನಾಕ್ ಜನದ ಮುಂದೆ ಇವನಿಗೆ ನುಂಗ್ಲಾ ಅಂದು ಸಾಯ್ಸಕ್ಕೆ ಓಗಿದ್ದೋಳು ನಾನು. ಅದ್ಕೇ ನಾಕ್ ಜನದ ಮುಂದೇನೇ ಏಳ್ತಾ ಇವ್ನಿ." ತಮ್ಮನ ಕಡೆ ತಿರುಗಿದೆ. " ನೀನು ಕರ್ಕೊಂಡೋಗು ಅಂದಾಗ ನಾನು ಬರ್ಲಿಲ್ಲ ಕಣಪ್ಪ. ತಪ್ಪಾಯ್ತು. ನನ್ನಿಂದ ತಪ್ಪಾಯ್ತು ಕಣೋ ಮಗಾ."