ಅತ್ತೆ ಪಾಸು ಮಾಡದ ಆಟ

ನನ್ನ ಅತ್ತೆಯ ಕಿವಿಯ ತೂತುಗಳಲ್ಲಿ ಕಿರುಬೆರಳು ತೂರುತ್ತಿತ್ತು. ಭಾರದ ಓಲೆ ಹಾಕಿ ಹಾಕಿ ಜೋತುಬಿದ್ದ ಆ ಹಾಲೆಗಳಿಗೆ ಮುಪ್ಪಿನಲ್ಲಿ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬೆಳಕು ಚುಚ್ಚುತ್ತದೆಂದು ಟಿವಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು, ಮೊರದಲ್ಲಿ ತೊಗರಿಬೇಳೆ ಆರಿಸುತ್ತಾ, ಆ ಕಿವಿಗಳಿಂದಲೇ ಟಿವಿ ನೋಡುತ್ತಿದ್ದರು. ನನ್ನ ಮಗಳು ಏನು ನೋಡಬೇಕು, ಯಾವ ಪುಸ್ತಕ ಓದಬೇಕು, ಯಾವ ಆಟ ಆಡಬೇಕು ಅನ್ನುವುದನ್ನೆಲ್ಲ ತೀರ್ಮಾನಿಸುತ್ತಿದ್ದವರು ಹೀಗೆ ಬೆನ್ನು ತಿರುಗಿಸಿ ಕೂತ ಈ ಹೆಂಗಸು.

ನಾವು ರಾಯಚೂರಿನಲ್ಲಿ ಮನೆ ಮಾಡಿದ್ದೆವು. ನಾನು ಆಸ್ಪತ್ರೆಯಲ್ಲಿ ನರ್ಸು. ನಮ್ಮವರು ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಿಬರುವ ಶಾಲಾ ಮಾಸ್ತರು. ಮಗುವನ್ನು ನೋಡಿಕೊಳ್ಳಲೆಂದು ಅತ್ತೆ ದೇವದುರ್ಗ ಬಿಟ್ಟು ಬಂದರು. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಟಿವಿ, ಅದರ ಎದುರಿಗೆ ಅತ್ತೆಯ ಬೆನ್ನು. ಬಂದ ವಾರದಲ್ಲೇ ರಿಮೋಟು ಅವರ ಸೆರಗಿನಡಿ ಸೇರಿತು.

ಅವರ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ. ಟಿವಿಯಲ್ಲಿ ನಗು ಕೇಳಿದ ಕೂಡಲೇ ಬೇಳೆ ಆರಿಸುವ ಕೈ ನಿಲ್ಲುತ್ತಿತ್ತು. "ಯಾರನ್ನ ನೋಡಿ ನಗಾಕತ್ತಾರ?" ಮಗಳು ನೋಡಿ ಹೇಳಬೇಕು. ಕಪ್ಪಗಿರುವ ಹೆಂಗಸನ್ನು ನೋಡಿ ನಗುತ್ತಿದ್ದಾರೆ ಅಜ್ಜಿ, ತೊದಲುವ ಆಳುಮನುಷ್ಯನನ್ನು ನೋಡಿ ನಗುತ್ತಿದ್ದಾರೆ ಅಜ್ಜಿ. "ಫೇಲ್. ತೆಗಿ ಅದನ್ನ." ಮುಗಿಯಿತು. ಇಡೀ ಕರ್ನಾಟಕ ಬಿದ್ದು ಬಿದ್ದು ನಗುವ ಕಾರ್ಯಕ್ರಮಗಳೆಲ್ಲ ನಮ್ಮ ಮನೆಯಲ್ಲಿ ಫೇಲು. ಮರುದಿನ ಆಸ್ಪತ್ರೆಯಲ್ಲಿ ಎಲ್ಲರೂ ಅವನ್ನೇ ಹೇಳಿಕೊಂಡು ನಗುವಾಗ ನಾನು ಪೆದ್ದಿಯಂತೆ ಅವರ ಮುಖ ನೋಡುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಕಾಡುಪ್ರಾಣಿಗಳ ಚಾನೆಲ್ಲು ಮಾತ್ರ ಯಾವಾಗಲೂ ಪಾಸು. ಹುಲಿ ಜಿಂಕೆಯ ಕುತ್ತಿಗೆ ಹಿಡಿದಾಗ ಮಗಳು ಕಣ್ಣು ಮುಚ್ಚಿಕೊಂಡಳೆಂದು ನಾನು ತಕರಾರು ತೆಗೆದೆ. "ಇಷ್ಟು ಸಣ್ಣ ಹುಡುಗಿಗೆ ರಕ್ತ ತೋರಸ್ತೀರಲ್ಲರೀ ಅತ್ತಿ?"

"ಹುಲಿಗಿ ಹಸಿವು, ತಿಂತದ," ಎಂದರು ಅತ್ತೆ. "ಹಿಡದು ನಿಲ್ಲಿಸಿ ನಗಂಗಿಲ್ಲಲ್ಲ."

ಪುಸ್ತಕ ತಂದರೆ ನಡುವಿನ ಪುಟ ತೆರೆದು ಓದಿಸಿ ಕೇಳುತ್ತಿದ್ದರು. ದಡ್ಡ ಸೇವಕನ ಕಥೆ, ಬುದ್ಧಿವಂತ ಯಜಮಾನನ ಕಥೆ, ಇವು ಎಷ್ಟು ಬಣ್ಣದ ಚಿತ್ರವಿದ್ದರೂ ಅಟ್ಟಕ್ಕೆ. ಮೀನು, ನಕ್ಷತ್ರ, ರೈಲುಗಳ ಪುಸ್ತಕ ಕೈಗೆ. ಆಟದಲ್ಲಿ ಗಜ್ಜುಗ, ಕುಂಟಾಟ, ಲೂಡೋ ಪಾಸು, ಏಕೆಂದರೆ ಅವುಗಳಲ್ಲಿ ಎಲ್ಲರಿಗೂ ಸರತಿ ಬರುತ್ತದೆ. ಓಣಿಯ ಹುಡುಗರು ಒಬ್ಬನನ್ನು ಗೌಡನನ್ನಾಗಿ ಮಾಡಿ ಉಳಿದವರಿಂದ ಕಾಲು ಒತ್ತಿಸಿಕೊಳ್ಳುವ ಆಟ ಹೂಡಿದಾಗ, ಅತ್ತೆ ಅಂಗಳಕ್ಕೆ ಬಂದು ಆ ಗೌಡನ ಕಿವಿ ಹಿಡಿದು ಎಬ್ಬಿಸಿದ್ದರು. ಅವನ ತಾಯಿ ನನ್ನೊಂದಿಗೆ ಮಾತು ಬಿಟ್ಟಳು.

ಮಗಳು ಮೂರನೇ ಇಯತ್ತೆಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂತು. ಒಂದು ನಗೆನಾಟಕದಲ್ಲಿ ಅವಳಿಗೆ ಪಾತ್ರ ಸಿಕ್ಕಿತು. ದೊಡ್ಡ ಮನೆಯ ಕೆಲಸದಾಕೆ. ಹರಕು ಸೀರೆ, ಕೈಯಲ್ಲಿ ಕಸಬರಿಗೆ, ಮುಖಕ್ಕೆ ಮಸಿ. ಮೊಬೈಲು ತಲೆಕೆಳಗಾಗಿ ಹಿಡಿದು ಮಾತಾಡುತ್ತಾಳೆ, ಸೋಫಾದ ಮೇಲೆ ಕೂತು ಬೈಸಿಕೊಂಡು ಎದ್ದು ಓಡುತ್ತಾಳೆ. ನಾಟಕದಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅವಳದೇ ಎಂದು ನಾನು ಹಿಗ್ಗಿ, ನನ್ನದೇ ಹಳೆಯ ಸೀರೆ ಕತ್ತರಿಸಿ ಹೊಲಿದೆ.

ಸಂಜೆ ಅವಳು ಪ್ರಾಕ್ಟೀಸು ಮಾಡುವಾಗ ಅತ್ತೆ ಎಂದಿನಂತೆ ಬೆನ್ನು ತಿರುಗಿಸಿ ಕೇಳುತ್ತಿದ್ದರು. ಕೊನೆಗೆ ತಮ್ಮ ಪ್ರಶ್ನೆ ಕೇಳಿದರು.

"ನನ್ನ ನೋಡಿ ನಗತಾರಜ್ಜಿ," ಎಂದಳು ಮಗಳು, ಮುಖ ಅರಳಿಸಿಕೊಂಡು. "ನಾ ಬಂದ್ರ ಸಾಕು, ಎಲ್ಲಾರೂ ನಗತಾರ."

ಅತ್ತೆ ಮೊರ ಪಕ್ಕಕ್ಕಿಟ್ಟರು. ನನಗೆ ಮುಂದಿನದು ಗೊತ್ತಿತ್ತು. ಕಾಲು ಕೆದರಿ ಜಗಳಕ್ಕೆ ನಿಂತೆ. ಇದು ಬರೀ ನಾಟಕ, ಎಲ್ಲದಕ್ಕೂ ಅಡ್ಡಗಾಲು ಹಾಕಿ ಮಗುವಿನ ಮುಖದ ನಗು ಕಸಿಯುತ್ತೀರಿ ಎಂದೆಲ್ಲ ಕೂಗಾಡಿದೆ. ಅವರು ಕೂಗಲಿಲ್ಲ.

"ಕೇಳಿಲ್ಲಿ ಯವ್ವಾ. ದೇವದುರ್ಗದಾಗ ನಮ್ಮವ್ವ ದೊಡ್ಡ ಮನಿ ಕಸ ಹೊಡೀತಿದ್ಲು. ನಾ ಇಷ್ಟಾಕಿ ಇದ್ದೆ, ಇಕಿಯಷ್ಟ. ಬೀಗರು ಬಂದು ಉಂಡು ಕೂತ್ರಂದ್ರ ನನ್ನ ಕರಸ್ತಿದ್ರು. ಕುಣೀ ಅಂದ್ರ ಕುಣೀಬೇಕು. ನಾಯಿಗತೆ ಬೊಗಳಂದ್ರ ಬೊಗಳಬೇಕು. ಅವರು ನಗತಿದ್ರು. ನಾನೂ ಅವರ ಕೂಡ ನಗತಿದ್ದೆ. ನಮ್ಮವ್ವ ಬಾಗಲ ಹಿಂದ ನಿಂತು ನೋಡಾಕಿ. ಆಕಿ ಮಾರಿ ನೋಡಿದ ಮ್ಯಾಲ ನನಗ ತಿಳೀತು."

ಇದನ್ನು ಅವರು ಸ್ವಂತ ಮಗನಿಗೂ ಹೇಳಿರಲಿಲ್ಲ. ಮರುದಿನ ನಾವಿಬ್ಬರೂ ಆಟೋ ಹಿಡಿದು ಶಾಲೆಗೆ ಹೋದೆವು. ಟೀಚರಮ್ಮ ನಕ್ಕರು. "ಕಾಮಿಡಿರೀ ಅಜ್ಜಿ, ಯಾಕಷ್ಟು ಮನಸ್ಸಿಗಿ ಹಚಗೋತೀರಿ?" ಆದರೂ ಒಪ್ಪಿಕೊಂಡು ಮಗಳ ಹೆಸರು ತೆಗೆದರು. ಮಗಳು ಅನ್ನ ಬಿಟ್ಟು ಅತ್ತಳು. ಅಜ್ಜಿಯ ಪಕ್ಕ ಮಲಗುವುದನ್ನು ಬಿಟ್ಟಳು.

ಗ್ಯಾದರಿಂಗಿಗೆ ಹೋಗಲೇಬೇಕಾಯಿತು, ಮಗಳು ಸಮೂಹಗೀತೆಯ ಹಿಂದಿನ ಸಾಲಿನಲ್ಲಿದ್ದಳು. ಅದಾದ ಮೇಲೆ ನಾಟಕ ಬಂತು. ಹರಕು ಸೀರೆಯುಟ್ಟು ಓಡಿ ಬಂದವಳು ಶಾಲೆಯ ಕಸ ಗುಡಿಸುವ ಆಯಾಳ ಮಗಳು. ಅದೇ ಶಾಲೆಯಲ್ಲಿ ಓದುತ್ತಿದ್ದ, ನಮ್ಮದೇ ಓಣಿಯ, ನಮ್ಮದೇ ಜನದ ಕೂಸು. ಕೈಯಲ್ಲಿದ್ದದ್ದು ಅವಳ ತಾಯಿಯ ಕಸಬರಿಗೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ತಾಯಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ತಾನೂ ನಗುತ್ತಿದ್ದಳು. ಅತ್ತೆ ಅಂದು ಬೆನ್ನು ತಿರುಗಿಸಲಿಲ್ಲ. ದೀಪಗಳು ಚುಚ್ಚುತ್ತಿದ್ದರೂ ನೆಟ್ಟ ಕಣ್ಣಿನಿಂದ ನೋಡಿದರು.

ಆಟೋದಲ್ಲಿ ಮನೆಗೆ ಬರುವಾಗ ಹೇಳಿದರು. "ನಮ್ಮ ಕೂಸನ್ನ ಅಷ್ಟ ಹೊರಗ ತಂದೆ ನೋಡು. ಆಟ ಅಲ್ಲೇ ಬಿಟ್ಟು ಬಂದೆ."

ಮರುದಿನ ಆ ಆಯಾಳ ಮನೆಗೆ ಹೋದರು. ಬೇಡವೆಂದರೂ ಕೇಳಲಿಲ್ಲ, ನಾನೂ ಹಿಂದೆ ಹೋದೆ. ಮುಂದಿನ ವರ್ಷ ಇಂಥ ಪಾತ್ರ ಕೊಟ್ಟರೆ ನಾವು ನಾವು ಸೇರಿ ಬೇಡ ಅನ್ನೋಣ ಎಂದು ಅತ್ತೆ ಮೆಲ್ಲಗೆ ಹೇಳಿದರು. ಆಕೆ ಒಲೆ ಮುಂದಿನಿಂದ ಏಳಲೂ ಇಲ್ಲ.

"ನನ್ನ ಮಗಳಿಗಿ ಆ ಸಾಲ್ಯಾಗ ಇದ ಮೊದಲನೇ ಸಲ ಚಪ್ಪಾಳಿ ಬಿದ್ದಾವ. ನಿಮ್ಮಾಕಿಗಿ ಬ್ಯಾಡಾತು, ಬಿಟ್ರಿ. ನಿಮ್ಮದು ನರ್ಸಿನ ಮನಿ, ಮಾಸ್ತರ ಮನಿ. ನನ್ನಾಕಿದು ಯಾಕ ಕಸಗೊಳ್ಳಾಕ ಬಂದೀರಿ?"

ಅತ್ತೆ ತಿರುಗಿ ಹೊರಗೆ ನಡೆದರು. ಜೀವಮಾನದಲ್ಲಿ ಅವರು ಮಾತಿಗೆ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಶಾಲೆಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಕೂಸಿಗೆ ಚಪ್ಪಾಳೆ ಸಿಗಬೇಕಾದರೆ ಅದರ ತಾಯಿಯ ಕಸಬರಿಗೆಯೇ ಬೇಕಾಯಿತೇ ಇವರಿಗೆ?

ಅಂದಿನಿಂದ ಅತ್ತೆ ಪಾಸು, ಫೇಲು ಎರಡನ್ನೂ ಬಿಟ್ಟರು. ರಿಮೋಟು ಮಗಳ ಕೈಗೆ ಬಂತು. ಇದು ನೋಡಲೇನಜ್ಜಿ ಎಂದರೆ "ನೋಡವ್ವಾ", ಅದು ನೋಡಲೇನಜ್ಜಿ ಎಂದರೂ "ನೋಡವ್ವಾ". ಮನೆಯಲ್ಲಿ ದಿನವಿಡೀ ನಗು ತುಂಬಿತು. ಮಗಳು ಮತ್ತೆ ಅಜ್ಜಿಯ ಪಕ್ಕ ಮಲಗತೊಡಗಿದಳು. ಅತ್ತೆ ಊಟ ಕಡಿಮೆ ಮಾಡಿದರು. ಡಾಕ್ಟರು ವಯಸ್ಸಾಯಿತು ಎಂದರು. ನಾನು ನರ್ಸು, ನಾನೂ ಅದನ್ನೇ ಅಂದೆ. ಮುಂದಿನ ಬೇಸಿಗೆ ದಾಟಲಿಲ್ಲ ಅವರು.

ಅತ್ತೆ ತೀರಿಕೊಂಡ ಮೂರನೇ ದಿನ ದೇವದುರ್ಗ, ಮಾನ್ವಿಗಳಿಂದ ಬಂದ ನೆಂಟರು ಪಡಸಾಲೆಯಲ್ಲಿ ಕೂತಿದ್ದರು. ಆಯಾ ಕೂಡ ಬಂದಳು, ಮಗಳ ಕೈಹಿಡಿದುಕೊಂಡು. ಹಳೆಯ ಮಾತು ಮನಸ್ಸಿನಲ್ಲಿಟ್ಟುಕೊಳ್ಳದೆ ಕಣ್ಣೀರು ಹಾಕಿದಳು. ಚಹಾ ಆಯಿತು, ಅಳು ತಗ್ಗಿತು, ಮಾತು ಎಲ್ಲೆಲ್ಲಿಗೋ ಹೋಯಿತು. ನಾಟಕದ ವಿಡಿಯೋ ಮೊಬೈಲಿನಲ್ಲಿ ನೋಡಿದ್ದ ನಮ್ಮವರ ಚಿಕ್ಕಪ್ಪ ಹುಡುಗಿಯನ್ನು ಗುರುತು ಹಿಡಿದರು. "ಅದ ಹುಡುಗಿ ಅಲ್ಲೇನಿಕಿ? ಏ ತಂಗಿ, ಒಮ್ಮಿ ಮಾಡಿ ತೋರಸವ್ವಾ. ಮನಸ್ಸು ಹಗುರಾಗ್ಲಿ."

ಹುಡುಗಿ ತಾಯಿಯ ಮೊಬೈಲು ತೆಗೆದುಕೊಂಡು ತಲೆಕೆಳಗಾಗಿ ಹಿಡಿದಳು. ಪಡಸಾಲೆ ನಕ್ಕಿತು. ನನ್ನ ಮಗಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ.

"ಸಾಕು ನಿಲ್ಲಿಸ್ರಿ," ಎಂದು ಒದರಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು. ಪಾಪ, ದುಃಖದಲ್ಲಿದ್ದಾಳೆ ಎಂದು ಯಾರೋ ಪಿಸುಗುಟ್ಟಿದರು. ಆಯಾ ಬಿರುಸಾಗಿ ಎದ್ದು ಚಪ್ಪಲಿ ಹುಡುಕತೊಡಗಿದಳು. ಹುಡುಗಿ ಮಾತ್ರ ಪಡಸಾಲೆಯ ನಡುವೆ ಹಾಗೇ ನಿಂತಿದ್ದಳು. ಕಣ್ಣು ತುಂಬಿಕೊಂಡು ನನ್ನನ್ನೇ ನೋಡಿದಳು.

"ಛಲೋ ಮಾಡ್ಲಿಲ್ಲೇನ್ರಿ ನಾ?"

ಅತ್ತೆ ಅಲ್ಲೇ ಬಿಟ್ಟುಬಂದಿದ್ದ ಆಟವನ್ನು ನಿಲ್ಲಿಸುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಹೀಗೆ. ಕೂಸನ್ನು ನೋಯಿಸದೆ ಅದನ್ನು ಹೇಗೆ ಮಾಡಬೇಕೆಂದು ಅವರೂ ಕಲಿಸಿರಲಿಲ್ಲ. ಅವಳ ಕೆನ್ನೆ ಒರೆಸಿ, "ಭಾಳ ಛಲೋ ಮಾಡಿದೆವ್ವಾ," ಎಂದೆ.