ಕೆಂಪು ನೆಲದ ಮೇಲೆ ಜರ್ಮನ್ ಶೆಫರ್ಡ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೊಸನಗರದಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸುವವರಿಗೆಲ್ಲ ಗೊತ್ತು. ಆ ಸಿಟ್ಟನ್ನು ಐದು ವರ್ಷ ಬೇಸರವಿಲ್ಲದೆ ಸಹಿಸಿಕೊಂಡದ್ದು ನಮ್ಮ ಮನೆಯ ಜರ್ಮನ್ ಶೆಫರ್ಡ್ ಒಂದೇ. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಅಧಿಕಾರಿಗೆ ವರ್ಗವಾದಾಗ, ಎರಡು ವರ್ಷದ ಆ ಹೆಣ್ಣುನಾಯಿಯನ್ನು ನಮ್ಮಲ್ಲಿ ಬಿಟ್ಟುಹೋದರು. ಅಪ್ಪಯ್ಯ ಮೊದಲ ದಿನವೇ ಅದಕ್ಕೊಂದು ಸಲ್ಯೂಟ್ ಹೊಡೆದು, “ಇನ್ಸ್‌ಪೆಕ್ಟರ್ ಬಂದ್ರು, ದಾರಿ ಬಿಡಿ” ಎಂದು ಗೇಲಿ ಮಾಡಿದ್ದರು.

ಈ ಜಾತಿಯ ನಾಯಿ ಇರುವುದೇ ಗೇಟು ಕಾಯಲು ಎಂದುಕೊಂಡು ಅದನ್ನು ಹೊರಗೆ ಸರಪಳಿ ಹಾಕಿ ಕಟ್ಟಿದೆ. ಎರಡೇ ದಿನಕ್ಕೆ ಅನ್ನ ಬಿಟ್ಟಿತು. ಬಿಚ್ಚಿ ಒಳಗೆ ಕರೆದ ಮೇಲೆ ತಿಳಿಯಿತು, ಅದಕ್ಕೆ ಬೇಕಾದದ್ದು ಗೇಟಲ್ಲ, ಜನ. ನಾನು ಹೊಲಿಯಲು ಕೂತರೆ ಮಿಷನ್ನಿನ ಪಕ್ಕ, ಅಡುಗೆಮನೆಗೆ ಹೋದರೆ ಬಾಗಿಲಿಗೆ ಅಡ್ಡ. ಮನೆಯಲ್ಲಿರುವುದು ನಾನು, ಅಪ್ಪಯ್ಯ, ಇಬ್ಬರೇ. ಇಬ್ಬರೂ ಕಣ್ಣಿಗೆ ಬೀಳುವ ಜಾಗ ಹುಡುಕಿ ಮಲಗುತ್ತಿತ್ತು. ದಿನಾ ಬಾಚದಿದ್ದರೆ ಗಿರಾಕಿಗಳ ರೇಷ್ಮೆಗೆಲ್ಲ ಅದರ ಕೂದಲು. ಬೇಸಿಗೆಯಲ್ಲಿ ಬೋಳಿಸಿಬಿಡೋಣ ಎಂದಾಗ ತೀರ್ಥಹಳ್ಳಿಯ ಪಶುವೈದ್ಯರು ಚೆನ್ನಾಗಿ ಬೈದರು. ಆ ದಪ್ಪ ಕೂದಲೇ ಬಿಸಿಲನ್ನೂ ತಡೆಯುತ್ತದಂತೆ. ಬೆಳಿಗ್ಗೆ ಒಂದು ಕೆಲಸ ಹೇಳಬೇಕು, ಪೇಪರ್ ತರುವುದೋ, ಉರುಳಿಹೋದ ದಾರದ ಉಂಡೆ ಹುಡುಕುವುದೋ. ಅಷ್ಟಾದರೆ ದಿನವಿಡೀ ಗೆಲುವಾಗಿರುತ್ತಿತ್ತು. ಆ ಬುದ್ಧಿಯಲ್ಲಿ ಅರ್ಧ ನನ್ನ ಗಿರಾಕಿಗಳಿಗಿದ್ದಿದ್ದರೆ ಅಳತೆಯ ಬ್ಲೌಸ್ ತರುವುದನ್ನು ಯಾರೂ ಮರೆಯುತ್ತಿರಲಿಲ್ಲ.

ಏಳನೆಯ ವರ್ಷಕ್ಕೆ ಅದರ ಹಿಂಗಾಲುಗಳು ಸೋಲತೊಡಗಿದವು. ಎದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ ಕಾಲು ಎರಡೂ ಕಡೆ ಸರಿದು ಕುಸಿಯುತ್ತಿತ್ತು. ವೈದ್ಯರು ಸೊಂಟ ಮುಟ್ಟಿ ನೋಡಿ, “ಈ ಜಾತಿಗೆ ಸೊಂಟದ ಕೀಲಿನದೇ ತೊಂದ್ರೆ. ಮಾತ್ರೆ ಕೊಡ್ತೀನಿ, ತೂಕ ಇಳಿಸಿ. ಆದ್ರೆ ಮೊದ್ಲು ಜಾರೋದು ನಿಲ್ಬೇಕು. ಹೀಗೇ ಬೀಳ್ತಾ ಇದ್ರೆ ಒಂದಿನ ಏಳೋದೇ ಇಲ್ಲ” ಎಂದರು.

ಜಾರುವುದು ಅಪ್ಪಯ್ಯನ ನೆಲದ ಮೇಲೆ. ಅವರು ಗಾರೆ ಕೆಲಸದವರು. ಕೆಂಪು ಸಿಮೆಂಟಿನ ನೆಲ ಹಾಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸಾಗರದಿಂದ ತೀರ್ಥಹಳ್ಳಿಯವರೆಗೆ ಹಾಕಿದ ನೆಲಗಳೆಲ್ಲ ಒಂದೊಂದಾಗಿ ಟೈಲ್ಸ್ ಕೆಳಗೆ ಮುಚ್ಚಿಹೋದವು. ಉಳಿದದ್ದು ನಮ್ಮ ಮನೆಯದೊಂದೇ. ಇಷ್ಟು ವರ್ಷದಲ್ಲಿ ಒಂದು ಬಿರುಕಿಲ್ಲ. ಮಂಡಿ ನೋವಿದ್ದರೂ ವಾರಕ್ಕೊಮ್ಮೆ ತಾವೇ ಕೊಬ್ಬರಿ ಎಣ್ಣೆ ಹಾಕಿ ಒರೆಸುತ್ತಿದ್ದರು.

ನಾನು ಗೋಣಿಚೀಲಗಳನ್ನು ಜೋಡಿಸಿ ಹೊಲಿದು ಹಾಸಿದೆ. ನಾಯಿಯ ಸಮೇತ ಅದೂ ಜಾರಿತು. ರಬ್ಬರ್ ಚಾಪೆ ತಂದೆ. ಅದರ ಮೇಲೆ ಮಲಗುತ್ತಿತ್ತು, ಆದರೆ ನಾವು ಎದ್ದ ಕೂಡಲೇ ಚಾಪೆ ಬಿಟ್ಟು ಹಿಂದೆ ಬಂದು ಬೀಳುತ್ತಿತ್ತು. ನನ್ನ ತಲೆ ಕೆಟ್ಟುಹೋಯಿತು.

“ಕಾಲು ಜಾರದ ಹಾಗೆ ಈ ನೆಲಕ್ಕೆ ಉಳಿ ಹಿಡಿದು ಕಚ್ಚು ಹಾಕಿಸ್ತೀನಿ ನೋಡಿ” ಎಂದೆ.

“ನಾನ್ ಸತ್ತ ಮೇಲೆ ಹಾಕ್ಸು” ಎಂದರು ಅಪ್ಪಯ್ಯ.

ಅಂದಿನಿಂದ ಎಣ್ಣೆ ಒರೆಸುವುದನ್ನೇನೋ ಬಿಟ್ಟರು, ಆದರೆ ಕುರ್ಚಿ ಬಿಟ್ಟು ಏಳುವುದನ್ನೂ ಬಿಟ್ಟರು. ನೀರು ಬೇಕಾದರೆ ನನ್ನನ್ನೇ ಕೂಗುವುದು, ಪೇಪರ್ ಅಲ್ಲೇ, ಊಟ ಅಲ್ಲೇ. ಮುನಿಸಿಕೊಂಡಿದ್ದಾರೆ ಎಂದೇ ನನ್ನ ಎಣಿಕೆ. ಒಂದು ವಾರ ತಡೆದುಕೊಂಡೆ. ಕೊನೆಗೊಂದು ಮಧ್ಯಾಹ್ನ ಬಾಯಿಗೆ ಬಂದಂತೆ ಬೈದೆ. “ಒಂದು ಲೋಟ ನೀರು ತಗೊಳಕ್ಕೂ ನಾನೇ ಬರ್ಬೇಕಾ? ಕಾಲಿಗೆ ಎಂತ ಆಗಿದೆ ನಿಮ್ಗೆ?”

ಅವರು ಕಾಲ ಬಳಿ ಮಲಗಿದ್ದ ನಾಯಿಯನ್ನು ನೋಡುತ್ತಾ ಮೆಲ್ಲಗೆ ಹೇಳಿದರು: “ನಾನ್ ಎದ್ರೆ ಅದೂ ಏಳ್ತದೆ ಮಾರಾಯ್ತಿ. ಎದ್ದು ಬೀಳ್ತದೆ. ನೋಡಕಾಗಲ್ಲ.”

ಬೈದ ಬಾಯಿಯನ್ನು ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯದೆ ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ಮರುದಿನ ಲೈನಿಂಗ್ ಬಟ್ಟೆ, ಗುಂಡಿ ತರಲೆಂದು ಬೆಳಿಗ್ಗೆಯೇ ಸಾಗರದ ಬಸ್ ಹತ್ತಿದೆ. ಬಂದದ್ದು ಸಂಜೆ. ಬಾಗಿಲು ತೆಗೆದರೆ ಮನೆ ತುಂಬ ಧೂಳು. ಅಪ್ಪಯ್ಯ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತಿದ್ದರು, ಕೈಯಲ್ಲಿ ಉಳಿ, ಸುತ್ತಿಗೆ. ಪಕ್ಕದಲ್ಲಿ ನಾಯಿ, ಮೂಗಿನ ಮೇಲೆಲ್ಲ ಕೆಂಪು ಪುಡಿ. ಅವರ ಕುರ್ಚಿಯಿಂದ ಅಡುಗೆಮನೆಗೆ, ಅಲ್ಲಿಂದ ನನ್ನ ಮಿಷನ್ನಿಗೆ, ಒಂದು ನಾಯಿ ನಡೆಯುವಷ್ಟು ಅಗಲಕ್ಕೆ ನೆಲಕ್ಕೆ ಕಚ್ಚು ಹಾಕಿದ್ದರು. ಕೆಡಿಸುವಾಗಲೂ ಅವರ ಕೈ ಅಚ್ಚುಕಟ್ಟೇ. ಸಾಲು ಎಲ್ಲೂ ಸೊಟ್ಟಗಿರಲಿಲ್ಲ.

“ಅಪ್ಪಯ್ಯ, ಎಂತ ಮಾಡಿದ್ರಿ?”

“ಬಾಗಿಲ ಹತ್ರ ಇನ್ನೊಂದ್ ಗೇಣು ಉಳ್ದಿದೆ. ನಾಳೆ ಮಾಡ್ತೀನಿ” ಎಂದು ಗೋಡೆ ಹಿಡಿದು ಎದ್ದರು.

ನಾಯಿಯೂ ಎದ್ದಿತು. ಮೊದಲು ಮುಂಗಾಲು, ಆಮೇಲೆ ಹಿಂಗಾಲು. ಕಚ್ಚಿನಲ್ಲಿ ಉಗುರಿಗೆ ಹಿಡಿತ ಸಿಕ್ಕಿ ಜಾರದೆ ನಿಂತಿತು. ಅಪ್ಪಯ್ಯ ಅಡುಗೆಮನೆಯವರೆಗೆ ನಡೆದರು, ಅದೂ ಬೀಳದೆ ಹಿಂದೆಯೇ ನಡೆಯಿತು. ವಾರದಿಂದ ಕೂತೇ ಇದ್ದವರು ಅಂದು ತಾವೇ ನೀರು ಬಗ್ಗಿಸಿಕೊಂಡು ಕುಡಿದರು. ಆಮೇಲೆ ಏನೂ ಕೆಲಸವಿಲ್ಲದೆ ಕುರ್ಚಿಗೆ ಬಂದು, ಮತ್ತೆ ಎದ್ದು ಹೋದರು. ಅದೂ ಹೋಯಿತು. ಕತ್ತಲಾಗುವವರೆಗೆ ಇಬ್ಬರೂ ಹೀಗೇ ಓಡಾಡುತ್ತಿದ್ದರು, ನಾನು ಅಳುತ್ತಾ ಕೆಂಪು ಪುಡಿ ಗುಡಿಸುತ್ತಿದ್ದೆ.