ಮೊಗ್ಗಿನ ಬುಟ್ಟಿಯ ಫೋನು

ಹೂವಿನಹಡಗಲಿಯ ಮಲ್ಲಿಗೆ ವ್ಯಾಪಾರಿ ಹಂಪೇಶಣ್ಣನವರ ಹಳೆಯ ಫೋನಿನ ಬಗ್ಗೆ ನೀವು ಕೇಳಬೇಕಿಲ್ಲ, ಅವರೇ ಹೇಳುತ್ತಾರೆ: “ಒಳಗ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಐತ್ರಿ, ನನ್ನ ಮಗಳು ಹಾಕ್ಯಾಳ!” ಬ್ಯಾಟರಿ ಉಳಿಸಲು ಪರದೆಯ ಬೆಳಕನ್ನು ಎಷ್ಟು ಇಳಿಸಿದ್ದಾರೆಂದರೆ, ಬಿಸಿಲಿನಲ್ಲಿ ನಂಬರು ನೋಡಲು ಟವೆಲ್ಲಿನ ಮುಸುಕು ಹಾಕಿಕೊಳ್ಳಬೇಕು. ಕಾವು ತಾಗಿದರೆ ಚಾರ್ಜು ಬಾಡುತ್ತದೆಂದು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೊಗ್ಗಿನ ಬುಟ್ಟಿಯ ಒದ್ದೆ ಬಟ್ಟೆಯ ಕೆಳಗೆ ಮಲಗಿಸುತ್ತಾರೆ. ದಾವಣಗೆರೆಯ ದೊಡ್ಡ ಗಿರಾಕಿಗೂ “ಹೂವು ಬಸ್ಸಿಗೆ ಹಾಕೀನಿ, ಫೋನ್ ಇಡ್ರಿ” ಅಷ್ಟೇ. ಯೋಗಕ್ಷೇಮ ಕೇಳುವವನು ಅವರ ಪಾಲಿಗೆ ಚಾರ್ಜು ಕದಿಯುವ ಕಳ್ಳ. ಸಂಜೆ ಹೊಸಪೇಟೆಯ ಕಾಲೇಜಿನಿಂದ ಮಗಳು ಅಮೃತಾ ಕರೆ ಮಾಡಿ, ಅಂದು ಕಲಿತ ಕಂಪ್ಯೂಟರ್ ಪಾಠವನ್ನೆಲ್ಲ ಹೇಳುತ್ತಾಳೆ. ಅವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಬ್ಯಾಟರಿ ಮುಗಿಯಿತೆಂದು ಫೋನು ಕೂಗುತ್ತದೆ. “ಅಪ್ಪಾ, ಚಾರ್ಜ್ ಐತೇನು?” “ತುಂಬಿ ತುಳುಕ್ತೈತವ್ವಾ, ನೀ ಹೇಳು,” ಎನ್ನುತ್ತ, ಹೂವಿನಂಗಡಿ ಸಾಲಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕುತ್ತಾರೆ.